ಮಲ್ಲಿಗೆ ವಾಸನೆ ಹಿಡಿದ ಕಾವಲುಗಾರ್ತಿ

ಸುಶೀಲಕ್ಕ ಏನನ್ನೇ ಓದಲಿ, ಒಂದು ಕಣ್ಣು ಮುಚ್ಚಿಯೇ ಓದುತ್ತಿದ್ದಳು. ನಂದಗುಡಿಯ ಹಾಲಿನ ಡೇರಿಯಲ್ಲಿ ವರ್ಷಗಟ್ಟಲೆ ಹಾಲಿನ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರಿನ ಗೆರೆ ನೋಡಿ ನೋಡಿ ಬಂದ ಅಭ್ಯಾಸ ಅದು. ನಮ್ಮ ಆಟದ ಗ್ರೂಪಿಗೆ ಬರುವ ಬರಹವನ್ನೂ ಫೋನನ್ನು ಮೂಗಿನ ಮಟ್ಟಕ್ಕೆ ಹಿಡಿದು ಹಾಗೆಯೇ ಓದುವಳು, ಎಲ್ಲೋ ನೀರು ಬೆರೆತಿದೆ ಎನ್ನುವ ಹಾಗೆ.

ಆ ಗ್ರೂಪು ನನ್ನದು. ವಿಜಯಪುರದಲ್ಲಿ ಬ್ಲೌಸ್ ಹೊಲಿಯುವ ಬಿಡುವಿನಲ್ಲಿ ನಾನೇ ಒಂದು ಮಾಯಾರಾಜ್ಯ ಕಟ್ಟಿದ್ದೆ. ಹನ್ನೊಂದು ಜನ, ಒಬ್ಬೊಬ್ಬರಿಗೂ ಒಂದು ಪಾತ್ರ. ಸರದಿಯ ಮೇಲೆ ಕಥೆ ಬರೆದು ಮುಂದುವರಿಸಬೇಕು. ನನ್ನ ಪಾತ್ರ ನೆರಳಿ, ಬೇಕೆಂದಾಗ ಮಾಯವಾಗುವ ಕಳ್ಳಿ. ತವರಿನ ನೆರೆಯವಳು, ಪಾಪ, ಅವಳೂ ಆಡಲಿ ಎಂದು ಸುಶೀಲಕ್ಕನನ್ನು ಸೇರಿಸಿಕೊಂಡವಳೂ ನಾನೇ. ಅವಳು ಆರಿಸಿಕೊಂಡದ್ದು ಕೋಟೆ ಬಾಗಿಲ ಮುದಿ ಕಾವಲುಗಾರ್ತಿಯ ಪಾತ್ರ.

ಒಂದು ದಿನ ಬರೆದೆ: ನೆರಳಿ ಒಳಹೊಕ್ಕು ಕಿರೀಟ ಎತ್ತಿಕೊಂಡು ಹೋದಳು, ಯಾರಿಗೂ ಗೊತ್ತಾಗಲಿಲ್ಲ.

ತಕ್ಷಣ ಸುಶೀಲಕ್ಕನ ವಾಯ್ಸ್ ಮೆಸೇಜು ಬಂತು. “ಲೇ ಲತಾ, ಯಾರ್ಗೂ ಗೊತ್ತಾಗ್ಲಿಲ್ಲ ಅಂತ ನೀನೇ ಬರ್ಕೊಂಡ್ಬಿಟ್ರೆ ನಾವೆಲ್ಲ ಯಾಕಮ್ಮ ಇರೋದು? ಹಾಲಿಗೆ ನೀರು ಹಾಕೋರೂ ಹಿಂಗೇ ಅನ್ಕೊಂತಾರೆ. ಮಾಯ ಆಗು, ಬೇಡ ಅನ್ನಲ್ಲ. ಒಂದು ಗುರ್ತು ಬಿಟ್ಟೋಗು. ಹಿಡಿಯಕ್ಕೆ ನಮ್ಗೂ ಒಂದ್ಸರ್ತಿ ಚಾನ್ಸ್ ಕೊಡು. ಸಿಕ್ಕಿದ್ಯೋ ಇಲ್ವೋ ನಾವು ಹೇಳ್ತೀವಿ.”

ಉಳಿದವರೆಲ್ಲ ಸಾಲಾಗಿ ಹಾರ್ಟ್ ಒತ್ತಿದರು. ಅಂದೇ ಅದು ನಿಯಮವಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಕಟ್ಟಿದ ರಾಜ್ಯಕ್ಕೆ ಇವಳ ಕಾನೂನೇ? ಅಲ್ಲಿಂದ ಎಲ್ಲರೂ “ಸುಶೀಲಕ್ಕ, ಇದು ಸರೀನಾ?” ಎಂದು ಅವಳನ್ನೇ ಕೇಳತೊಡಗಿದರು. ನೆರಳಿಯ ಗುರುತಾಗಿ ಮಲ್ಲಿಗೆ ವಾಸನೆ ಇಟ್ಟೆ; ಆರು ಸಲ ನುಗ್ಗಿದರೆ ನಾಲ್ಕು ಸಲ ಅವಳೇ ಹಿಡಿದಳು. ಆಟ ಹಿಂದೆಂದಿಗಿಂತ ರಂಗೇರಿತ್ತು. ಅದನ್ನೂ ಸಹಿಸಲಾಗಲಿಲ್ಲ.

ಕೊನೆಗೆ ಗಂಡನ ನಂಬರಿನಿಂದ ಹೊಸಬನ ಹಾಗೆ ಗ್ರೂಪಿಗೆ ಸೇರಿದೆ. ಪಾತ್ರ, ಮಾಯಾವಿ ಬೈರಾಗಿ. ಈ ನಿಯಮ ದಂಡ, ಮುಂಚೆ ಲತಕ್ಕ ನಡೆಸುವಾಗಲೇ ಚೆನ್ನಾಗಿತ್ತಂತೆ ಎಂದು ಬರೆದೆ. ಆದರೆ ಬೈರಾಗಿ ಮಾಯವಾದಾಗ ಕೈ ರೂಢಿಯಲ್ಲಿ ಅವನಿಗೂ ಮಲ್ಲಿಗೆ ವಾಸನೆಯನ್ನೇ ಬರೆದುಬಿಟ್ಟೆ.

ಸುಶೀಲಕ್ಕ ಗ್ರೂಪಿನಲ್ಲಿ ಏನೂ ಹೇಳಲಿಲ್ಲ. ನನಗೆ ಫೋನ್ ಮಾಡಿದಳು. “ಬೈರಾಗಿ ಯಾವಾಗಿಂದ ಹೂ ಮುಡಿಯಕ್ಕೆ ಶುರು ಮಾಡ್ದ್ನೇ?” ಎಂದು ನಕ್ಕಳು. “ಹೋಗ್ಲಿ ಬಿಡು, ಯಾರ್ಗೂ ಹೇಳಲ್ಲ.” ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳ ಆ ದೊಡ್ಡ ಮನಸ್ಸಿಗೇ ನನ್ನ ಹೊಟ್ಟೆ ಇನ್ನಷ್ಟು ಉರಿಯಿತು.

ಈ ವರ್ಷ ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಇಳಿಯಿತು. ಡೇರಿ ಬಿಟ್ಟಳು, ಗ್ರೂಪೂ ಬಿಟ್ಟಳು. ನೋಡಲು ಹೋದಾಗ ಜಗಲಿಯಲ್ಲಿ ಕೂತಿದ್ದಳು. ಎರಡೂ ಕಣ್ಣು ತೆರೆದೇ ಇದ್ದವು, ನಾನು ಎದುರಿಗೆ ನಿಂತರೂ “ಯಾರವ್ವ?” ಎಂದಳು. ದನಿ ಕೇಳಿದ ಮೇಲೆ ಕೈ ಹಿಡಿದುಕೊಂಡಳು. “ಕೋಟೆ ಬಾಗ್ಲು ನೋಡ್ಕೊಳೇ ಲತಾ, ಇನ್ನು ನನ್ಗಾಗಲ್ಲ.”

ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ತಾನು ಮಾಯವಾದದ್ದು ಯಾರಿಗೂ ತಿಳಿಯಲಿಲ್ಲ ಎಂದು ಬರೆದಳು. ಗುರುತು ಬಿಡುವ ನಿಯಮ ಹೇಳಿಕೊಟ್ಟೆ. ಆಮೇಲೆ ನನಗೊಬ್ಬಳಿಗೇ ಮೆಸೇಜು ಹಾಕಿದಳು: “ಸಕತ್ತಾಗೈತೆ ಅಕ್ಕ! ಈ ರೂಲ್ಸ್ ನೀವೇ ಮಾಡಿದ್ದಾ?”

“ಹೂಂ” ಎಂದು ಬರೆದೆ. ಯಾರಿಗೂ ಗೊತ್ತಾಗಲಿಲ್ಲ.