ಜಾಹೀರಾತಿನಲ್ಲಿ ಉಳಿದಿದ್ದ ಅಕ್ಕನ ದನಿ

ಟಿವಿ ಜಾಹೀರಾತುಗಳಿಗೆ ಅಂಕ ಕೊಡುವುದು ನಮ್ಮ ಮನೆಯಲ್ಲಿ ಅಕ್ಕ ಶುರುಮಾಡಿದ ಆಟ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ ನಮ್ಮ ಬಾಡಿಗೆ ಮನೆ. ಅಕ್ಕ ಪ್ರೈಮರಿ ಶಾಲೆಯ ಟೀಚರ್, ನಾನು ಪಿಯುಸಿ. ಧಾರಾವಾಹಿಯ ನಡುವೆ ಜಾಹೀರಾತು ಬಂದರೆ ಅಪ್ಪ ಎದ್ದು ಹೋಗುತ್ತಿದ್ದರು, ನಾವಿಬ್ಬರೂ ಓಡಿ ಬಂದು ಕೂರುತ್ತಿದ್ದೆವು.

ಅಕ್ಕನ ಮೌಲ್ಯಮಾಪನ ಬಲು ಬಿಗಿ. ಬಿಳಿ ಅಂಗಿ ಹಿಡಿದು ಕೂಗಾಡುವ ಸೋಪಿನ ಪುಡಿಗೆ ಸೊನ್ನೆ. ಸೈಕಲ್ಲಿಂದ ಬಿದ್ದ ಮೊಮ್ಮಗಳ ಮಂಡಿಗೆ ಅಜ್ಜ ಮಾತಿಲ್ಲದೆ ಪಟ್ಟಿ ಅಂಟಿಸುವ ಜಾಹೀರಾತಿಗೆ ಎಂಟು. "ಮಾರೋಕೆ ಬಂದಿರೋದೇ ಮರ್ತಂಗೆ ಇದಾರೆ ನೋಡು, ಅದಕ್ಕೇ ನಂಬಿಕೆ ಬರುತ್ತೆ" ಎನ್ನುತ್ತಿದ್ದಳು.

ಒಂದು ಸಲ ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳು ನಿರೂಪಣೆ ಮಾಡಿದ್ದನ್ನು ಕೇಳಿದ ಮಗುವೊಂದರ ತಂದೆ ಅವಳನ್ನು ಚಾಮರಾಜಪೇಟೆಯ ತಮ್ಮ ಸ್ಟುಡಿಯೋಗೆ ಕರೆದರು. ಹಾಲಿಗೆ ಬೆರೆಸುವ ಪುಡಿಯೊಂದರ ಹಿಂದಿ ಜಾಹೀರಾತಿಗೆ ಕನ್ನಡ ದನಿ ಕೊಡಬೇಕಿತ್ತು. ನಾನೂ ಜೊತೆಗೆ ಹೋಗಿದ್ದೆ. ಆಟದಲ್ಲಿ ಸೋತು ಮನೆಗೆ ಬಂದ ಮಗಳಿಗೆ ತಾಯಿ ಹೇಳುವ ಮಾತು. ಹಾಳೆಯಲ್ಲಿ, "ಮಗುವೇ, ನಿನಗೆ ಬಹಳ ಆಯಾಸವಾಗಿದೆಯೇ?" ಎಂದು ಬರೆದಿತ್ತು.

"ಯಾವ ತಾಯಿ ಹೀಗೆ ಮಾತಾಡ್ತಾಳೆ ಸಾರ್?" ಎಂದಳು ಅಕ್ಕ.

"ಮತ್ತೆ ನೀವೇ ಹೇಳಿ ಮೇಡಂ."

"ಸುಸ್ತಾಯ್ತಾ ಪುಟ್ಟಾ? ಬಾ, ಕೂತ್ಕೋ."

ಗಾಜಿನಾಚೆ ಕೂತಿದ್ದ ಅವರು ತಮ್ಮ ಹಾಳೆಯಲ್ಲಿದ್ದ ಸಾಲನ್ನು ಹೊಡೆದುಹಾಕಿದರು. ಆಮೇಲೆ, "ಇದೇ ಇರಲಿ" ಎಂದರು.

ಜಾಹೀರಾತು ಮೊದಲ ಸಲ ಬಂದ ಸಂಜೆ ಅಮ್ಮ ಹತ್ತಕ್ಕೆ ಹತ್ತು ಕೊಟ್ಟಳು. ಅಕ್ಕ ತನಗೆ ತಾನೇ ಏಳು ಹಾಕಿಕೊಂಡಳು. "ಕೊನೇಲಿ ಡಬ್ಬ ತೋರಿಸ್ತಾರಲ್ಲ, ಅದಕ್ಕೆ ಮೂರು ಕಟ್."

ಮರುವರ್ಷ ಅವಳಿಗೆ ಜ್ವರ ಬಂತು. ಮಾಮೂಲಿ ಜ್ವರ ಅಂದುಕೊಂಡೆವು. ಕಣ್ಣು ಹಳದಿಯಾದಾಗ ಆಸ್ಪತ್ರೆಗೆ ಸೇರಿಸಿದೆವು. ಹನ್ನೊಂದನೆಯ ದಿನ ಹೋಗಿಬಿಟ್ಟಳು. ಇಪ್ಪತ್ತೇಳು ವರ್ಷ.

ವೈಕುಂಠ ಸಮಾರಾಧನೆ ಮುಗಿದು ನೆಂಟರು ಹೊರಟ ಮೇಲೆ, ಮನೆಯ ಮೌನ ತಡೆಯಲಾರದೆ ನಾನು ಟಿವಿ ಹಾಕಿದೆ. ವಾರ್ತೆಗೆ ಮುಂಚೆ ಅಕ್ಕನ ದನಿ ಬಂತು. ಅಪ್ಪ ಗಾಬರಿಯಿಂದ ಎದ್ದು ಆಫ್ ಮಾಡಲು ಹೋದರು.

"ಇರ್ಲಿ ಬಿಡ್ರೀ," ಎಂದಳು ಅಮ್ಮ. "ಮಾತಾಡ್ಲಿ."

ಅಂದಿನಿಂದ ಅಮ್ಮ ದಿನಾ ಸಂಜೆ ಕೈ ಒರೆಸಿಕೊಂಡು ಬಂದು ಟಿವಿ ಮುಂದೆ ಕೂರುತ್ತಿದ್ದಳು. ಅಷ್ಟು ಕೇಳಿ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಅಳುತ್ತಿರಲಿಲ್ಲ. ನನಗೆ ಅದೇ ಹೆಚ್ಚು ಸಂಕಟವಾಗುತ್ತಿತ್ತು.

ಐದು ತಿಂಗಳು ಹೀಗೆ ನಡೆಯಿತು. ಒಂದು ಸಂಜೆ ಅದೇ ತಾಯಿ, ಅದೇ ಮಗಳು, ಡಬ್ಬ ಮಾತ್ರ ಹೊಸದು. ದನಿಯೂ ಬೇರೆ. ಅಮ್ಮ ನನ್ನ ಕಡೆ ತಿರುಗಿ, "ಇವಳ್ಯಾರೇ?" ಎಂದಳು.

ಮಾರನೆಯ ದಿನವೇ ಸ್ಟುಡಿಯೋಗೆ ಹೋದೆ. ಅಂದು ಅಕ್ಕನನ್ನು ಕರೆಸಿದ್ದವರಿಗೆ ನನ್ನ ಗುರುತು ಸಿಕ್ಕಿತು. ಹಳೆಯ ರೆಕಾರ್ಡಿಂಗ್ ಕೇಳಿದ್ದಕ್ಕೆ, "ಟೇಪ್ ಇಟ್ಕೊಳ್ಳಲ್ಲಮ್ಮಾ, ಅದರ ಮೇಲೇ ಬೇರೆದು ಮಾಡ್ಬಿಡ್ತೀವಿ" ಎಂದರು. ನಾನು ಹೊರಡುವಾಗ ಬಾಗಿಲವರೆಗೂ ಬಂದರು. "ನಮ್ ಮಗು ಈಗ ಬೇರೆ ಶಾಲೆ. ಅಕ್ಕಾವ್ರಿಗೆ ಅಂತ ಎರಡು ಸಲ ಹಳೇ ಶಾಲೆಗೆ ಫೋನ್ ಮಾಡ್ಸಿದ್ದೆ, ಈಗ ಇಲ್ಲಿಲ್ಲ ಅಂದ್ರಂತೆ. ಮದುವೆ ಆಯ್ತಾ? ಒಂದ್ಸಲ ಬರೋಕ್ಕೆ ಹೇಳಿ, ಅವರಂಗೆ ಮಾತಾಡೋರು ಸಿಗ್ತಿಲ್ಲ."

"ಹೇಳ್ತೀನಿ ಸಾರ್" ಎಂದುಬಿಟ್ಟೆ. ಬಸ್ ಹತ್ತದೆ ಮಲ್ಲೇಶ್ವರದವರೆಗೂ ನಡೆದೇ ಬಂದೆ.

ಟೇಪ್ ಇಲ್ಲ ಎಂದಾಗ ಅಮ್ಮ ತಲೆಯಾಡಿಸಿದಳು, ಅಷ್ಟೇ. ಮನೆಯಲ್ಲಿ ಅಕ್ಕನ ಫೋಟೋಗಳು ಬೇಕಾದಷ್ಟಿದ್ದವು. ದನಿ ಮಾತ್ರ ಎಲ್ಲೂ ಇರಲಿಲ್ಲ.

ಕೆಲವು ವಾರಗಳ ಮೇಲೆ ಹೊಸ ಜಾಹೀರಾತು ಮತ್ತೆ ಬಂತು. ಚಾನೆಲ್ ಬದಲಾಯಿಸಲು ನಾನು ಎದ್ದೆ. ಅಮ್ಮ ನನ್ನ ಕೈ ಹಿಡಿದು ಕೂರಿಸಿದಳು, ಕೊನೆಯವರೆಗೂ ನೋಡಿದಳು.

"ಚೆನ್ನಾಗೇ ಹೇಳ್ತಾಳೆ, ಪಾಪ," ಎಂದಳು. "ಅವಳದೇನು ತಪ್ಪು?"

ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, ಅಕ್ಕ ಹೋದ ಮೇಲೆ ಮೊದಲ ಸಲ, ಜೋರಾಗಿ ಅತ್ತಳು.