ಪ್ಲಾನ್ ಬರೆಯುವ ಅಶ್ವಥ್ ಮತ್ತು ಎರಡನೇ ಮನೆ ಆಟ

ತುಮಕೂರಿನ ಬಿ.ಎಚ್. ರಸ್ತೆಗೆ ಹೊಂದಿಕೊಂಡ ಗಲ್ಲಿಯಲ್ಲಿ ನಮ್ಮದೊಂದು ಅಂಗಡಿ. ಅರ್ಧ ನನ್ನದು, ಅರ್ಧ ಅಶ್ವಥ್‌ನದು. ನನ್ನ ಕಡೆ ಬಾಡಿಗೆ ಕರಾರು, ಅಫಿಡವಿಟ್ಟು, ವಿಭಾಗ ಪತ್ರ ಟೈಪಾಗುತ್ತವೆ. ಅವನ ಕಡೆ ಮನೆಗಳ ಪ್ಲಾನು ತಯಾರಾಗುತ್ತದೆ. ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ, ಹಾಗಾಗಿ ಹನ್ನೊಂದು ವರ್ಷದಿಂದ ಅವನ ಗಿರಾಕಿಗಳ ಮಾತೆಲ್ಲ ನನ್ನ ಕಿವಿಗೂ ಬೀಳುತ್ತಿದೆ.

ಅಶ್ವಥ್ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವನು. ಓದಿದ್ದು ಡಿಪ್ಲೊಮಾ. ಜನ ‘ಇಂಜಿನಿಯರ್ರೇ’ ಅಂತ ಕರೆದರೆ ಬೇಡ ಅನ್ನುವುದಿಲ್ಲ. ಅವನು ಯಾರಿಗೂ, ಯಾವುದಕ್ಕೂ ಬೇಡ ಅನ್ನುವವನಲ್ಲ, ಅದೇ ಅವನ ಕಾಯಿಲೆ. ಅಡುಗೆಮನೆಯ ಎದುರಿಗೇ ಟಾಯ್ಲೆಟ್ ಬಾಗಿಲಿಡಿ ಎಂದು ಯಾರಾದರೂ ಹೇಳಿದರೂ ‘ಆಯ್ತು ಸಾರ್’ ಎಂದು ಗೆರೆ ಎಳೆಯುತ್ತಾನೆ. ಮನೆ ಎದ್ದ ಮೇಲೆ ಅದೇ ಗಿರಾಕಿ ಬಂದು ಮುಖಕ್ಕೆ ಉಗಿದು ಹೋಗುತ್ತಾನೆ. ಅದಕ್ಕೂ ಇವನದು ‘ಆಯ್ತು ಸಾರ್’.

ಆರು ವರ್ಷದ ಹಿಂದೆ ಇದಕ್ಕೊಂದು ದಾರಿ ಕಂಡುಕೊಂಡ. ಕಂಪ್ಯೂಟರಿನಲ್ಲಿ ಒಂದು ವಿಡಿಯೋ ಗೇಮ್ ಇತ್ತು. ಅದರ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ, ನಾವು ‘ಮನೆ ಆಟ’ ಅನ್ನುತ್ತಿದ್ದೆವು. ಅದರಲ್ಲಿ ಮನೆ ಕಟ್ಟಬಹುದು, ಮನೆಯೊಳಗೆ ಜನರನ್ನು ಬಿಡಬಹುದು. ಅವರು ಏಳುತ್ತಾರೆ, ಅಡುಗೆ ಮಾಡುತ್ತಾರೆ, ಕೆಲಸಕ್ಕೆ ಹೋಗಿ ಬರುತ್ತಾರೆ. ಅಶ್ವಥ್ ಗಿರಾಕಿಯ ಮನೆಯನ್ನು ಅದರಲ್ಲಿ ಕಟ್ಟಿ, ಗಿರಾಕಿಯ ಸಂಸಾರವನ್ನೇ ಒಳಗಿಟ್ಟು, ಒಂದು ದಿನ ಬದುಕಿಸಿ ತೋರಿಸುತ್ತಿದ್ದ. ಸ್ನಾನ ಮುಗಿಸಿದ ಸೊಸೆ ನೆಂಟರ ಮಧ್ಯೆ ಹಾದು ಬರಬೇಕಾಗಿ ಬಂದದ್ದನ್ನು ನೋಡಿದವರೇ, ‘ಅಯ್ಯೋ, ಬಾಗ್ಲು ಆ ಕಡೆ ಮಾಡಿ’ ಅನ್ನುತ್ತಿದ್ದರು. ತಾನು ಹೇಳಲಾರದ್ದನ್ನು ಆಟದ ಕೈಲಿ ಹೇಳಿಸುತ್ತಿದ್ದ.

ಹೋದ ವರ್ಷ ಆ ಆಟದ ಎರಡನೇ ಭಾಗ ಬಂತು. ನಾಲ್ಕು ದಿನ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ.

“ಹಳೇದ್ರಲ್ಲಿ ಜನ ಬರೀ ಗೊಂಬೆಗಳು ಸುಧಕ್ಕ. ಇದ್ರಲ್ಲಿ ಮನಸ್ಸಿದೆ. ಜಗಳ ಆಡಿದ್ರೆ ತಿಂಗಳಾದ್ರೂ ಮರೆಯಲ್ಲ. ಬಿಸ್ಲು ಯಾವ ಕಿಟಕೀಲಿ ಬರುತ್ತೋ ಅಲ್ಲಿಗೇ ಹೋಗಿ ಕೂತ್ಕೋತಾರೆ.”

“ಕೊರತೆ ಏನೂ ಇಲ್ವಾ?”

“ಬೇಜಾನ್ ಇದೆ. ದೇವರ ಮನೆ ಇಟ್ಟರೆ ಯಾರೂ ಒಳಗೇ ಹೋಗಲ್ಲ. ಚಪ್ಪಲಿ ಹಾಕ್ಕೊಂಡೇ ಅಡುಗೆ ಮಾಡ್ತಾರೆ. ನೆಲದ ಮೇಲೆ ಕೂರೋದು ಯಾರಿಗೂ ಗೊತ್ತಿಲ್ಲ. ನೆಂಟ್ರು ಬಂದ್ರೆ ಅರ್ಧ ಗಂಟೇಲಿ ಎದ್ದು ಹೊರಟೋಗ್ತಾರೆ.”

“ಅದೊಂದು ಒಳ್ಳೇದೇ ಬಿಡು” ಎಂದೆ.

ಇನ್ನೊಂದು ಕೊರತೆ ಅವನನ್ನು ಬಹಳ ಕಾಡಿತು. ಹಳೆಯ ಆಟದಲ್ಲಿ ಯಾರು ಎಲ್ಲಿ ಬೇಕಾದರೂ ಮಲಗುತ್ತಿದ್ದರು. ಹೊಸದರಲ್ಲಿ ಮನೆಯ ಪ್ರತಿಯೊಬ್ಬರ ಹೆಸರಿಗೂ ಒಂದು ರೂಮು ಗುರುತು ಮಾಡಿಕೊಡಬೇಕು. ಇಲ್ಲದಿದ್ದರೆ ಆ ಮನುಷ್ಯ ಎಲ್ಲೂ ಕೂರದೆ ಹಗಲೆಲ್ಲ ಬಾಗಿಲಿಂದ ಬಾಗಿಲಿಗೆ ಅಲೆಯುತ್ತಾನೆ.

ಜನಕ್ಕೆ ಇದ್ಯಾವುದೂ ಕೊರತೆಯಾಗಿ ಕಾಣಲಿಲ್ಲ. ಆಟದವರು ತಮ್ಮ ಇಷ್ಟಕ್ಕೆ ನಡೆಯುತ್ತಾರೆ ಎಂದು ಗೊತ್ತಾಗಿದ್ದೇ ತಡ, ದೇವರ ಮುಂದೆ ಹೂ ಕೇಳಲು ಕೂತವರ ಹಾಗೆ ಅವನ ಕಂಪ್ಯೂಟರಿನ ಮುಂದೆ ಕೂರತೊಡಗಿದರು. ಹೂ ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಕುಣಿಗಲ್‌ನ ಚಿಕ್ಕರಂಗಯ್ಯ ಎಂಬಾತ ಆಟದೊಳಗಿನ ತಾನು ಪಕ್ಕದ ಮನೆಯವನ ಮೇಲೆ ಕೈ ಮಾಡಿದ್ದನ್ನು ನೋಡಿ, ನಿಜವಾದ ಸೈಟನ್ನೇ ಮಾರಿಬಿಟ್ಟ. ನಾನು ನಕ್ಕೆ. ಅಶ್ವಥ್ ನಗಲಿಲ್ಲ.

ಹೀಗಿರುವಾಗ ಗುಬ್ಬಿ ತಾಲ್ಲೂಕಿನ ಕಡಬದಿಂದ ಇಬ್ಬರು ಅಣ್ಣತಮ್ಮಂದಿರು ಬಂದರು, ಬಸವರಾಜ್ ಮತ್ತು ಗುರುಪ್ರಕಾಶ್. ಊರಿನ ಮನೆ ಮಾರಿ, ಇಲ್ಲಿ ಸತ್ಯಮಂಗಲದ ಹತ್ತಿರ ಒಂದೇ ಸೈಟಿನಲ್ಲಿ ಜೋಡಿ ಮನೆ ಕಟ್ಟುವವರು. ಮುಂದೆ ಒಂದೇ ವರಾಂಡ, ಒಳಗೆ ನಡುಗೋಡೆ, ಎರಡು ಬಾಗಿಲು. ಜೊತೆಗೆ ತಾಯಿ ಇದ್ದಾರೆ, ಸರ್ವಮಂಗಳಮ್ಮ. ಸೈಟು ಅವರ ಹೆಸರಿನಲ್ಲಿದೆ.

ಮಾತು ಶುರುವಾದ ವಾರದಲ್ಲೇ ಅಣ್ಣ ಒಬ್ಬನೇ ಬಂದ. “ಅಮ್ಮ ತಮ್ಮನ ಕಡೆ ಇರ್ತಾರೆ. ನನ್ ಕಡೆ ಅವರ ರೂಮ್ ಬೇಡ, ಸ್ಟೋರ್ ಮಾಡ್ಬುಡಿ” ಎಂದ. ಅಶ್ವಥ್ ಆಯ್ತು ಸಾರ್ ಎಂದ. ಎರಡು ದಿನಕ್ಕೆ ತಮ್ಮ ಫೋನ್ ಮಾಡಿದ. ಅಮ್ಮ ಅಣ್ಣನ ಕಡೆ ಇರ್ತಾರೆ, ಆ ಜಾಗ ಮಕ್ಕಳು ಓದೋಕೆ ಬೇಕು ಎಂದ. ಅವನಿಗೂ ಆಯ್ತು ಸಾರ್.

ನನಗೆ ಮೈ ಉರಿಯಿತು. “ಇಬ್ಬರನ್ನೂ ಕೂರ್ಸಿ ಹೇಳೋ, ಆಯಮ್ಮಂಗೆ ಎಲ್ಲೂ ರೂಮಿಲ್ಲ ಅಂತ.”

“ಆಟದಲ್ಲಿ ತೋರಿಸ್ತೀನಿ ಬಿಡಿ ಸುಧಕ್ಕ. ನೋಡಿದ್ರೆ ಅವರೇ ನಾಚ್ಕೋತಾರೆ.”

ತೋರಿಸುವ ದಿನ ಅಣ್ಣತಮ್ಮಂದಿರು ತಾಯಿಯನ್ನೂ ಕರೆತಂದರು. ಪ್ಲಾನಿನ ಅರ್ಜಿಗೆ ಅವರ ಸಹಿ ಬೇಕಿತ್ತು. ಅಶ್ವಥ್ ಇದನ್ನು ಎಣಿಸಿರಲಿಲ್ಲ. ಅವನ ಮುಖ ನೋಡಿಯೇ ನಾನು ಟೈಪಿಂಗ್ ಬಿಟ್ಟು ಹಲಗೆ ದಾಟಿ ಅವನ ಕಡೆ ಬಂದು ನಿಂತೆ.

ಸರ್ವಮಂಗಳಮ್ಮ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಮುಂದಿನ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಆಟ ಶುರುವಾಯಿತು. ಇಬ್ಬರು ಗಂಡಸರು, ಇಬ್ಬರು ಸೊಸೆಯರು, ಮಕ್ಕಳು ಅವರವರ ರೂಮಿನಿಂದ ಎದ್ದು ಬಂದರು. ಬಿಳಿ ಕೂದಲ ಒಬ್ಬ ಹೆಂಗಸು ವರಾಂಡದಲ್ಲಿದ್ದಳು.

“ಇದು ನಾನಾ?”

“ಹೂಂ ಅಮ್ಮ.”

“ವಿಭೂತಿ ಇಲ್ವಲ್ಲಪ್ಪ.”

“ಅದು ಇದ್ರಲ್ಲಿ ಬರಲ್ಲ ಅಮ್ಮ.”

ಬಿಳಿ ಕೂದಲ ಹೆಂಗಸು ಎಡಗಡೆ ಬಾಗಿಲಿಗೆ ಹೋಗಿ ಒಳಗೆ ನೋಡಿದಳು. ಹಿಂದೆ ಬಂದಳು. ಬಲಗಡೆ ಬಾಗಿಲಿಗೆ ಹೋಗಿ ನಿಂತಳು. ಅಲ್ಲಿಂದಲೂ ಹಿಂದೆ ಬಂದಳು. ಒಳಗೆ ಎಲ್ಲರೂ ತಿಂಡಿ ತಿನ್ನುತ್ತಿದ್ದರು. ಅವಳು ಮತ್ತೆ ಎಡಗಡೆಗೆ ಹೋದಳು. ನಾಲ್ಕನೇ ಸಲವೂ ಹಾಗೇ ಆಯಿತು.

“ಯಾಕಪ್ಪ ಇವಳು ಎಲ್ಲೂ ಕೂತ್ಕೊಳಲ್ಲ?” ಎಂದರು ಸರ್ವಮಂಗಳಮ್ಮ.

ಅಶ್ವಥ್ ಅಣ್ಣನ ಮುಖ ನೋಡಿದ, ತಮ್ಮನ ಮುಖ ನೋಡಿದ. ಯಾರೂ ನಾಚಿಕೊಂಡ ಹಾಗೆ ಕಾಣಲಿಲ್ಲ. “ಇದು ಹೊಸ ಆಟ ಅಮ್ಮ. ಸ್ವಲ್ಪ ದೋಷ ಇದೆ. ವಯಸ್ಸಾದವರನ್ನ ಸರಿಯಾಗಿ ಮಾಡಿಲ್ಲ” ಎಂದುಬಿಟ್ಟ.

“ಅದೇ ನಾನೂ ಅನ್ಕೊಂಡೆ, ಗೇಮ್ ಸರಿಯಿಲ್ಲ” ಎಂದ ಬಸವರಾಜ್. ಗುರುಪ್ರಕಾಶ್ ಅಪ್‌ಡೇಟ್ ಬಂದರೆ ಸರಿಹೋಗುತ್ತದೆ ಎಂದ. ಒಂದು ಆಟದ ಮೇಲೆ ಇಷ್ಟು ಸಲೀಸಾಗಿ ತಪ್ಪು ಹೊರಿಸಿದ್ದನ್ನು ನಾನು ಕಂಡಿರಲಿಲ್ಲ. ಅಶ್ವಥ್‌ನ ಕೆನ್ನೆಗೆ ಹೊಡೆಯುವಷ್ಟು ಸಿಟ್ಟು ಬಂತು.

“ಹಂಗಾರೆ ಸರಿ ಬುಡು” ಎಂದು ಸರ್ವಮಂಗಳಮ್ಮ ಕನ್ನಡಕ ಹಾಕಿಕೊಂಡರು. ಬಸವರಾಜ್ ಅರ್ಜಿಯನ್ನು ಅವರ ಮುಂದೆ ಸರಿಸಿ ಪೆನ್ನು ಕೊಟ್ಟ. ಅವರು ಸಹಿಯ ಜಾಗ ಹುಡುಕಿ, ‘ಸ’ ಬರೆಯಲು ಪೆನ್ನು ಊರಿದರು.

ಅಶ್ವಥ್ ಹಾಳೆಯ ಮೇಲೆ ಅಂಗೈ ಇಟ್ಟ.

“ಸೈನ್ ಮಾಡ್ಬೇಡಿ ಅಮ್ಮ” ಎಂದ. “ಆಟ ಸರಿಯಾಗೇ ಇದೆ. ನಾನು ಸುಳ್ಳು ಹೇಳ್ದೆ. ಈ ಪ್ಲಾನಲ್ಲಿ ನಿಮಗೆ ರೂಮಿಲ್ಲ. ಎರಡು ಕಡೇನೂ ಇಲ್ಲ. ಬೇಡ ಅಂತ ಹೇಳಿದ್ರು, ನಾನು ಬರೀಲಿಲ್ಲ.”

“ಏನ್ರೀ ಮಾತಾಡ್ತಿದೀರಾ” ಎಂದು ಬಸವರಾಜ್ ಎದ್ದು ನಿಂತ. ಸರ್ವಮಂಗಳಮ್ಮ ಅವನ ಕಡೆ ತಿರುಗಲೂ ಇಲ್ಲ. ಅಶ್ವಥ್‌ನನ್ನೇ ನೋಡುತ್ತಿದ್ದರು.

“ಚಿಕ್ಕೋನೂ ಹೇಳಿದ್ನಾ?”

ಅಶ್ವಥ್ ತಲೆ ತಗ್ಗಿಸಿ ಹೌದು ಎಂದ.

ಅವರು ಕನ್ನಡಕ ತೆಗೆದರು. ಸೆರಗಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡರು. ಗುರುಪ್ರಕಾಶ್ “ಅಮ್ಮ, ನಾನು...” ಅಂದಾಗ ಅಂಗೈ ತೋರಿಸಿ ಅವನನ್ನು ಸುಮ್ಮನಾಗಿಸಿದರು.

“ಬೇರೆ ಹಾಳೆ ತಗೋ ಕಣಪ್ಪ” ಎಂದರು. “ಮೊದ್ಲು ನಂದೊಂದು ರೂಮು ಬರಿ, ಅದಕ್ಕೆ ಬೇರೆ ಬಾಗ್ಲು ಇಡು. ಉಳಿದ ಜಾಗದಲ್ಲಿ ಇವರಿಬ್ರದು ಬರ್ಕೊಡು.”