ಅಪ್ಪನ ಕಣ್ಣಳತೆ

ನಮ್ಮಪ್ಪ ದರ್ಜಿ. ಅಂಗಡಿಯ ಗೋಡೆಗೆ ಟೇಪು ನೇತುಬಿದ್ದಿರುತ್ತಿತ್ತು, ಆದರೆ ಅಪ್ಪ ಅದನ್ನು ಮುಟ್ಟಿದವನಲ್ಲ. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿ, "ಆಯ್ತು, ಹೋಗ್ಬನ್ನಿ. ಟೇಪು ಕಣ್ಣಿಲ್ಲದೋರಿಗೆ" ಎನ್ನುತ್ತಿದ್ದ.

ಆ ಕಣ್ಣು ಎಂದೋ ಕೈಕೊಟ್ಟಿತ್ತು. ಅವನೊಬ್ಬನನ್ನು ಬಿಟ್ಟು ಬೀದಿಗೆಲ್ಲ ಅದು ಗೊತ್ತು. ಗುಂಡಿ ಆರಿಸುವ ನೆಪದಲ್ಲಿ ಅಮ್ಮ ಗಿರಾಕಿಗಳನ್ನು ಹಿಂದಿನ ಕೋಣೆಗೆ ಕರೆದು ಬೇರೊಂದು ಟೇಪಿನಲ್ಲಿ ಅಳತೆ ತೆಗೆಯುತ್ತಿದ್ದಳು. ಅಪ್ಪ ಊಟಕ್ಕೆ ಹೋದಾಗ ಹೊಲಿಗೆ ಬಿಚ್ಚಿ ಸರಿಮಾಡುತ್ತಿದ್ದಳು. ಗಿರಾಕಿ ಹೊಗಳಿದರೆ ಅಪ್ಪ ಹಿಗ್ಗಿ ಹೀರೇಕಾಯಿ.

ನನಗೆ ಮೈಯೆಲ್ಲ ಉರಿಯುತ್ತಿತ್ತು. "ಯಾಕಮ್ಮ ಈ ನಾಟಕ?"

"ಆ ಜಂಬ ಇಲ್ದಿದ್ರೆ ನಿಮ್ಮಪ್ಪ ಕತ್ರಿನೇ ಎತ್ತಲ್ಲ ಕಣೇ. ಹೋಗ್ಲಿ ಬಿಡು."

ಅಮ್ಮ ಆಸ್ಪತ್ರೆ ಸೇರಿದಳು. ವಾರದೊಳಗೆ ಮೂರು ಅಂಗಿ ವಾಪಸು ಬಂದವು. "ಈ ಜನ ತಿಂದು ತಿಂದು ಊದ್ಕೊಂಡಿದ್ದಾರೆ" ಎಂದ ಅಪ್ಪ. ನನ್ನ ತಾಳ್ಮೆ ಕೆಟ್ಟಿತು.

"ನಿನ್ನ ಕಣ್ಣಲ್ಲಪ್ಪ, ಹತ್ತು ವರ್ಷದಿಂದ ಎಲ್ಲಾ ಅಮ್ಮನ ಟೇಪು!"

ಅಪ್ಪ ಕತ್ತರಿ ಕೆಳಗಿಟ್ಟವನು ಮತ್ತೆ ಎತ್ತಲಿಲ್ಲ. ಅಂಗಡಿಯ ಬಾಗಿಲು ಮುಚ್ಚಿತು. ದಿನಾ ಆಸ್ಪತ್ರೆಗೆ ಹೋಗಿ ಬಂದು, "ಮೊದ್ಲಿನ ಹಾಗೇ ಇದ್ದಾಳೆ" ಎಂದಷ್ಟೇ ಹೇಳಿ ಗೋಡೆ ನೋಡುತ್ತಾ ಕೂರುತ್ತಿದ್ದ. ಇದ್ದದ್ದನ್ನು ಹೇಳಿದ ಸಮಾಧಾನ ನನಗೆ ಒಂದು ದಿನವೂ ಉಳಿಯಲಿಲ್ಲ.

ತಿಂಗಳಾದ ಮೇಲೆ ಅಮ್ಮನನ್ನು ಮನೆಗೆ ಕಳಿಸಿದರು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ್ದು ನನಗೂ ಅವಳಿಗೂ ಗೊತ್ತಿತ್ತು. ಅಪ್ಪನಿಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ನಾನು ಮಾಡಿದ್ದನ್ನು ಕೇಳಿದರೂ ಅಮ್ಮ ಬೈಯಲಿಲ್ಲ.

"ರೀ, ನನಗೊಂದು ರವಿಕೆ ಹೊಲ್ಕೊಡಿ" ಎಂದಳು.

ಅಪ್ಪ ಎದ್ದ. ಅಂಗಡಿಗೆ ಹೋಗಿ ಗೋಡೆಯ ಟೇಪು ತಂದು ಅಮ್ಮನ ಎದೆಸುತ್ತ ಹಿಡಿದ. ಇಪ್ಪತ್ತೆಂಟು. ಮತ್ತೊಮ್ಮೆ ಹಿಡಿದ. ಇಪ್ಪತ್ತೆಂಟೇ. ಮದುವೆಯಾದಾಗಿನಿಂದ ಅವಳಿಗೆ ಮೂವತ್ತಾರು ಕತ್ತರಿಸಿದ ಕೈ ಅದು.

"ಈ ಟೇಪು ಸರಿಯಿಲ್ಲ" ಎಂದ. ನನ್ನನ್ನೇ ನೋಡುತ್ತಿದ್ದ.

"ಹೌದಪ್ಪ, ಹಳೇದು. ಹಿಗ್ಗಿದೆ, ಕಮ್ಮಿ ತೋರಿಸ್ತಿದೆ. ನೀನು ಕಣ್ಣಳತೆಲೇ ಹೊಲಿ."

ಅಪ್ಪ ಒಂದು ಕಣ್ಣು ಮುಚ್ಚಿ ಅಮ್ಮನನ್ನು ಬಹಳ ಹೊತ್ತು ನೋಡಿದ. "ಮೂವತ್ತಾರು" ಎಂದು ಕತ್ತರಿ ಎತ್ತಿಕೊಂಡ.

ಮರುದಿನ ಅವನು ಊಟಕ್ಕೆ ಕೂತಾಗ ನಾನು ಹೊಲಿಗೆ ಬಿಚ್ಚಿ ಎಂಟು ಇಂಚು ಒಳಗೆ ಹಿಡಿದೆ.